ಹದಿನಾರನೆಯ ಶತಮಾನಕ್ಕೆ ಬಸ್ಸಿನಲ್ಲಿ

ಮಕ್ಕಳಿಗೆ ಇತಿಹಾಸವನ್ನು ಓದಿಸಬಾರದು, ಬದುಕಿ ತೋರಿಸಬೇಕು ಎಂದು ಭಾಷಣ ಮಾಡುವವರಿಗೆ ಸಾಮಾನ್ಯವಾಗಿ ಮಕ್ಕಳಿರುವುದಿಲ್ಲ. ಇದ್ದರೂ ಅವು ತಮ್ಮ ಚಡ್ಡಿ ತಾವೇ ಬಿಚ್ಚಿಕೊಳ್ಳುವ ವಯಸ್ಸಿಗೆ ಬಂದಿರುತ್ತವೆ. ನನಗೆ ಆರು ವರ್ಷದ ಚಿಂತನ ಎಂಬ ಮಗನೂ ಮೂರು ವರ್ಷದ ಮಾನ್ಯ ಎಂಬ ಮಗಳೂ ಇದ್ದಾರೆ. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡು ಸುಖವಾಗಿರಬೇಕಾದ ನಾನು ಮೂರು ವರ್ಷದಿಂದ ಇತಿಹಾಸವನ್ನು ಬದುಕಿ ತೋರಿಸುತ್ತ ಬಂದಿದ್ದೇನೆ. ಯಾಕೆ ಎಂದು ಕೇಳಿದರೆ ಮಗನ ತರಗತಿಯ ತಾಯಂದಿರ ವಾಟ್ಸಾಪ್ ಗುಂಪು ಎನ್ನುತ್ತೇನೆ. ಅದು ಅರ್ಧ ಸತ್ಯ. ಉಳಿದರ್ಧ, ಆ ಗುಂಪಿನಲ್ಲಿ ನಾನು ಯಾರಿಗಿಂತಲೂ ಕಡಿಮೆಯಾಗಿ ಕಾಣಬಾರದು ಎಂಬ ನನ್ನ ಹಳೆಯ ಕಾಯಿಲೆ.

ಕುಮಟೆಯಿಂದಾಚೆ ಇರುವ ಹಳೆಯ ಕೋಟೆಯಲ್ಲಿ ಪ್ರತಿ ಚಳಿಗಾಲ ಒಂದು ಭಾನುವಾರ, ಹದಿನಾರನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದ ಕಾಳುಮೆಣಸಿನ ರಾಣಿಯ ಕಾಲದಲ್ಲಿ ಬದುಕುವ ಕಾರ್ಯಕ್ರಮ ನಡೆಯುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಆ ಕಾಲದ ಬಟ್ಟೆ, ಆ ಕಾಲದ ಊಟ, ಆ ಕಾಲದ ಕೆಲಸ. ನಡೆಸುವವರು ಹೊರಗಿನಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ಮೇಡಂ. ಒಳ್ಳೆಯವರೇ, ಆದರೆ ಅವರಿಗೆ ಎಲ್ಲವೂ ಶುದ್ಧವಾಗಿರಬೇಕು. ಕೈಗಡಿಯಾರ ಕೂಡದು, ಪ್ಲಾಸ್ಟಿಕ್ ಬಾಟಲಿ ಕೂಡದು, ಚಹಾ ಅಂತೂ ಬಾಯಲ್ಲಿ ಹೇಳುವಂತೆಯೇ ಇಲ್ಲ. ಮೊದಲ ವರ್ಷ ನಾನು ಒಯ್ದ ಬುತ್ತಿಯನ್ನು ತೆರೆದು ನೋಡಿ, "ಟೊಮೇಟೊ ಇನ್ನೂ ನಮ್ಮಲ್ಲಿಗೆ ಬಂದಿಲ್ಲ, ಒಣಮೆಣಸೂ ಬಂದಿಲ್ಲ, ಬಟಾಟೆ ಕೂಡ ಬಂದಿಲ್ಲ" ಎಂದು ಒಂದೊಂದಾಗಿ ಹೊರಗೆ ತೆಗೆದರು. ಉಳಿದದ್ದು ಅನ್ನ. ಚಿಂತನ ಅದನ್ನು ನೋಡಿ ರಾಣಿಯ ಕೋಟೆಯ ಗೋಡೆಗಳು ನಡುಗುವಂತೆ ಅತ್ತ.

ಊಟವನ್ನಾದರೂ ಸಹಿಸಬಹುದು, ಬಟ್ಟೆಯದು ಬೇರೆಯೇ ಕಥೆ. ನನ್ನ ಗಂಡ ಮಂಜುನಾಥ ಭಟ್ಕಳದ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕ. ಎರಡನೆಯ ವರ್ಷ ಮಗನನ್ನು ಸೈನಿಕನನ್ನಾಗಿ ಮಾಡಲು ಅಲ್ಲಿಯ ಪರಿಚಯದ ದರ್ಜಿಯ ಬಳಿಗೆ ನಮ್ಮನ್ನು ಕರೆದೊಯ್ದ. ನಾನು ಮೇಡಂ ಕಳಿಸಿದ ಪಟ್ಟಿ ಓದಿದೆ. ಗುಂಡಿ ಇರಬಾರದು, ಜಿಪ್ ಇರಬಾರದು, ಎಲಾಸ್ಟಿಕ್ ಇರಬಾರದು, ಎಲ್ಲ ಕಟ್ಟುವ ದಾರವೇ ಆಗಬೇಕು. ವಯಸ್ಸಾದ ಆ ದರ್ಜಿ ಕನ್ನಡಕ ಮೇಲೇರಿಸಿ ಮಗನನ್ನು ನೋಡಿದರು. "ಮೇಡಂ, ಬಚ್ಚಾಗೆ ಅರ್ಜೆಂಟ್ ಆದ್ರೆ ಎಂತ ಮಾಡ್ತೀರಿ?" ಎಂದರು. ಆ ಕಾಲದ ಮಕ್ಕಳು ಮಾಡುತ್ತಿರಲಿಲ್ಲವೇ ಎಂದು ನಾನು ವಾದಿಸಿದೆ. "ಆ ಕಾಲದ ಬಚ್ಚಾ ಲೋಗ್ ಚಡ್ಡಿ ಹಾಕ್ತಾನೇ ಇರ್ಲಿಲ್ಲ" ಎಂದು ಅವರು ಹೇಳಿದ್ದು ಇಡೀ ಕಾರ್ಯಕ್ರಮದ ಬಗ್ಗೆ ನಾನು ಕೇಳಿದ ಏಕೈಕ ತಿಳಿವಳಿಕೆಯ ಮಾತು. ಬಟ್ಟೆ ಕೊಡುವಾಗ ಮೆಲ್ಲಗೆ, "ಒಳಗಡೆ ಅಂಟಿಸೋ ಪಟ್ಟಿ ಹಾಕಿದ್ದೇನೆ, ಯಾರಿಗೂ ಕಾಣೂದಿಲ್ಲ" ಎಂದರು. ಕಾಣಲಿಲ್ಲ, ನಿಜ. ಆದರೆ ರಾಣಿಯ ದರ್ಬಾರು ನಡೆಯುತ್ತಿದ್ದು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾಗ ನನ್ನ ಸೈನಿಕ ಮೂಲೆಗೆ ಹೋಗಿ ಆ ಪಟ್ಟಿಯನ್ನು ಚರ್ರೆಂದು ಎಳೆದ. ಮೇಡಂ ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಿನ ಮೇಲಿದೆ.

ಈ ವರ್ಷ ಹೋಗುವುದೇ ಇಲ್ಲ ಎಂದುಕೊಂಡಿದ್ದೆ. ಆದರೆ ಮೇಡಂ ತಾವೇ ಫೋನು ಮಾಡಿದರು. "ನೋಡಿ, ಹೋದ ವರ್ಷ ಹನ್ನೊಂದು ರಾಣಿಯರು ಬಂದಿದ್ದರು. ಪ್ರಜೆಗಳೇ ಇಲ್ಲ. ಯಾರನ್ನು ಆಳೋದು? ನೀವು ಹಾಲಕ್ಕಿ ಒಕ್ಕಲಿಗರಂತೆ, ಯಾರೋ ಹೇಳಿದರು. ಆ ಮಣಿ ಸರಗಳು, ಹೆಗಲಿಗೆ ಗಂಟು ಹಾಕಿ ಉಡೋ ಸೀರೆ, ಎಷ್ಟು ಚೆನ್ನಾಗಿರುತ್ತೆ! ಈ ಸಲ ಅತ್ಯಂತ ನೈಜ ವೇಷಕ್ಕೆ ಬಹುಮಾನವೂ ಇದೆ. ನಿಮ್ಮಲ್ಲಿ ಈಗಲೂ ಹಾಗೆ ಉಡುವವರಿದ್ದಾರಾ?" ನಾನು ಒಂದು ಗಳಿಗೆಯೂ ಯೋಚಿಸದೆ, "ಹಿಂದೆಲ್ಲ ಉಡ್ತಿದ್ರಂತೆ ಮೇಡಂ, ಈಗ ಯಾರೂ ಇಲ್ಲ" ಎಂದೆ.

ಇಲ್ಲಿ ನಾನು ನನ್ನನ್ನು ಹೆತ್ತ ಅವ್ವಿಯ ವಿಷಯ ಹೇಳಬೇಕು. ಹೇಳದೆ ದಾಟಿಬಿಡುವ ಆಸೆ ಇತ್ತು. ಅವ್ವಿ ಧಾರೇಶ್ವರದ ಹತ್ತಿರದ ನಮ್ಮ ಕೊಪ್ಪದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಾಳೆ. ಕೊಪ್ಪವೆಂದರೆ ನಮ್ಮವರ ಮನೆಗಳಷ್ಟೇ ಒತ್ತಾಗಿರುವ ಕೇರಿ. ಆರು ವರ್ಷದ ಹಿಂದಿನವರೆಗೂ ಅವಳು ರವಿಕೆ ತೊಟ್ಟವಳಲ್ಲ. ಸೆರಗನ್ನು ಕುತ್ತಿಗೆ ಬಳಸಿ ಹೆಗಲಿನ ಮೇಲೆ ಗಂಟು ಹಾಕಿ, ಕುತ್ತಿಗೆಯಿಂದ ಎದೆಯ ತನಕ ಕರಿಮಣಿ, ಹಳದಿ ಮಣಿಗಳ ರಾಶಿ ಹೇರಿಕೊಂಡು ಗದ್ದೆಗೂ ಪೇಟೆಗೂ ಹಾಗೇ ಹೋಗಿ ಬರುತ್ತಿದ್ದಳು. ತರಕಾರಿ ಬುಟ್ಟಿ ಹೊತ್ತು ಮಾರಿ ನನ್ನನ್ನು ಬಿ.ಎಡ್. ಓದಿಸಿದ್ದೂ ಆ ಉಡುಗೆಯಲ್ಲಿಯೇ. ಚಿಂತನನ ನಾಮಕರಣಕ್ಕೆ ನನ್ನ ಶಾಲೆಯವರೆಲ್ಲ ಬರುವವರಿದ್ದರು. ನಾನು ಅದಕ್ಕೂ ಮೊದಲೇ ಆರು ರವಿಕೆ ಹೊಲಿಸಿಕೊಂಡು ಹೋಗಿ ಅವಳ ಮುಂದಿಟ್ಟೆ. ಮೈ ಮುಚ್ಚಿಕೊಳ್ಳಲಿಕ್ಕೆ ಎಂದೆ, ಆರೋಗ್ಯ ಎಂದೆ, ಮಣಿಯಡಿ ಬೆವರು ನಿಂತು ಚರ್ಮರೋಗ ಬರುತ್ತದೆ ಎಂದು ವಿಜ್ಞಾನವನ್ನೂ ಎಳೆದು ತಂದೆ. ಅವ್ವಿ ಎಲ್ಲ ಕೇಳಿ, "ನಿಂಗೆ ನಾಚ್ಕೆ ಆತದೆ ಅಂತ ಒಂದೇ ಮಾತು ಹೇಳುಕೆ ಇಷ್ಟೆಲ್ಲ ಎಂತಕ್ಕೆ?" ಎಂದಳು. ಮಾರನೆಯ ದಿನವೇ ರವಿಕೆ ತೊಟ್ಟಳು. ಮಣಿಗಳನ್ನು ಒಂದೊಂದು ಸರವಾಗಿ ಕೊಪ್ಪದ ಹೆಣ್ಣುಮಕ್ಕಳಿಗೆ ಹಂಚಿದಳಂತೆ. ನಾಮಕರಣದ ಫೋಟೊದಲ್ಲಿ ಅವಳು ತೋಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಾಳೆ. ನನಗೆ ಆಗ ಅದೊಂದು ದೊಡ್ಡ ಸುಧಾರಣೆ ಮಾಡಿದ ತೃಪ್ತಿ ಇತ್ತು.

ಆದ್ದರಿಂದ ಬಹುಮಾನಕ್ಕೆ ಬೇಕಾದ ಮಣಿಗಳನ್ನು ಕುಮಟೆಯಲ್ಲಿ ಶಾಲೆ ಗ್ಯಾದರಿಂಗಿಗೆ ವೇಷಭೂಷಣ ಬಾಡಿಗೆ ಕೊಡುವ ಅಂಗಡಿಯಿಂದ ತಂದೆ. ಗಂಟು ಹಾಕುವುದನ್ನು ಮೊಬೈಲಿನಲ್ಲಿ ನೋಡಿದೆ. ಯಾರೋ ಒಬ್ಬಳು ನಗುನಗುತ್ತ ಅರ್ಧ ನಿಮಿಷದಲ್ಲಿ ಕಟ್ಟಿ ಮುಗಿಸಿದಳು. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಮೈಬಣ್ಣದ ಬನಿಯನ್ನು ತೊಟ್ಟೆ, ನಾನೇನು ಅಷ್ಟು ನೈಜಳಲ್ಲ. ಆ ಭಾನುವಾರ ಮಂಜುನಾಥನಿಗೆ ರಜೆ ಸಿಗಲಿಲ್ಲ. ಎರಡು ಮಕ್ಕಳನ್ನು ಒಬ್ಬಳೇ ಹಿಡಿಯುವುದು ಆಗದ ಕೆಲಸ. ಬೇರೆ ದಾರಿ ಕಾಣದೆ ಅವ್ವಿಗೆ ಫೋನು ಮಾಡಿ, "ಮಕ್ಕಳನ್ನ ನೋಡ್ಕಳುಕೆ ಬಾ, ಬಸ್ಸಿಗೆ ಧಾರೇಶ್ವರದಲ್ಲಿ ಹತ್ತು" ಎಂದೆ. ಎಲ್ಲಿಗೆ, ಯಾವ ವೇಷದಲ್ಲಿ ಎಂಬುದನ್ನು ಹೇಳಲು ಬಾಯಿ ಬರಲಿಲ್ಲ.

ಹೊನ್ನಾವರದಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ನನ್ನ ಮಣಿಗಳನ್ನೂ, ಮರದ ಕತ್ತಿ ಹಿಡಿದ ಚಿಂತನನನ್ನೂ, ನನ್ನಂತೆಯೇ ಮಣಿ ಹಾಕಿಸಿಕೊಂಡು ಅವನ್ನು ಜಗಿಯುತ್ತಿದ್ದ ಮಾನ್ಯಳನ್ನೂ ನೋಡಿ, "ಎಲ್ಲಿ ಆಟ ಇವತ್ತು? ಹಗಲಿಗೇ ಶುರುವಾ?" ಎಂದು ಕೇಳಿದ. ನಮ್ಮ ಕಡೆ ಬಣ್ಣದ ಬಟ್ಟೆ ಹಾಕಿ ಹೊರಟವರೆಲ್ಲ ಯಕ್ಷಗಾನಕ್ಕೇ ಹೊರಟವರು. ಧಾರೇಶ್ವರದಲ್ಲಿ ಅವ್ವಿ ಹತ್ತಿದಳು. ಇಸ್ತ್ರಿ ಮಾಡಿದ ಸೀರೆ, ತಿಳಿನೀಲಿ ರವಿಕೆ, ನಾನೇ ಕೊಡಿಸಿದ್ದು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಸುಖವಿತ್ತು. ಅವಳು ಮಾನ್ಯಳ ಬಾಯಿಂದ ಸರ ಬಿಡಿಸಿ, ಒಂದು ಮಣಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಪ್ಲಾಸ್ಟಿಕ್ಕು. ಮಗು ನುಂಗೀತು" ಎಂದಳು. ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು.

ಕೋಟೆಯ ಬಾಗಿಲಿನಲ್ಲಿ ಮೇಡಂ ನನ್ನನ್ನು ಕಂಡು ಎರಡೂ ಕೈ ಎತ್ತಿ ಸಂಭ್ರಮಪಟ್ಟರು. ಆಮೇಲೆ ಅವರ ಕಣ್ಣು ಅವ್ವಿಯ ಮೇಲೆ ಬಿತ್ತು. "ಅಜ್ಜೀ, ನೀವು ಹಗ್ಗದ ಆಚೆ ನಿಲ್ಲಬೇಕು. ರವಿಕೆ ಆ ಕಾಲದ್ದಲ್ಲ, ಫೋಟೊದಲ್ಲಿ ಬಂದರೆ ಎಲ್ಲ ಕೆಡುತ್ತೆ" ಎಂದರು. ಕೋಟೆಯೊಳಗೆ ಸುಣ್ಣ ಬಳಿದ ಗೂಟಗಳಿಗೆ ಹಗ್ಗ ಕಟ್ಟಿ, ನೋಡಲು ಬಂದವರಿಗೆ ಬೇರೆ ಜಾಗ ಮಾಡಿದ್ದರು. ಅವ್ವಿ ತಲೆ ಅಲ್ಲಾಡಿಸಿ ಆಚೆ ಹೊರಟಳು. ಮೇಡಂ ನನ್ನ ಕಡೆ ತಿರುಗಿ, "ಇವರು ಯಾರು?" ಎಂದು ಕೇಳಿದರು. ತೀರ ಸುಲಭದ ಪ್ರಶ್ನೆ. ಚಿಂತನನ ತರಗತಿಯ ನಾಲ್ಕು ತಾಯಂದಿರು, ನಾಲ್ವರೂ ರಾಣಿಯರು, ಪಕ್ಕದಲ್ಲೇ ನಿಂತಿದ್ದರು. "ಮಕ್ಕಳನ್ನ ನೋಡಿಕೊಳ್ಳೋಕೆ ಕರೆದುಕೊಂಡು ಬಂದಿದ್ದು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾನು ಸುಳ್ಳು ಹೇಳಲಿಲ್ಲ ಎಂದು ಇವತ್ತಿನವರೆಗೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅವ್ವಿ ನಾಲ್ಕು ಹೆಜ್ಜೆ ದೂರದಲ್ಲಿದ್ದಳು, ಅವಳ ಕಿವಿ ಚುರುಕು.

ಬೆಳಗಿನ ಹೊತ್ತೆಲ್ಲ ನಾನು ಒರಳಿನ ಮುಂದೆ ನಿಂತು ಭತ್ತ ಕುಟ್ಟುವ ಪ್ರಜೆಯಾಗಿದ್ದೆ. ಸಿರಸಿ ಕಡೆಯಿಂದ ಬಂದ ಕಾಲೇಜು ಮಕ್ಕಳು ಸುತ್ತ ನಿಂತು ಚಿತ್ರ ಬರೆದುಕೊಂಡರು. ನಾನು ಒನಕೆಯನ್ನು ಹಿಡಿದ ರೀತಿ ನೋಡಿ ಹಗ್ಗದಾಚೆಯಿಂದ ಅವ್ವಿ ಮುಖ ತಿರುಗಿಸಿದ್ದು ನನಗೆ ಕಂಡಿತು. ಅಷ್ಟರಲ್ಲಿ ಚಿಂತನ ಇನ್ನೊಬ್ಬ ಸೈನಿಕನ ಕಾಲಿಗೆ ಕತ್ತಿಯಿಂದ ಹೊಡೆದು ರಾಜ್ಯದಲ್ಲಿ ದಂಗೆಯೆಬ್ಬಿಸಿದ. ಮಾನ್ಯಳಿಗೆ ಅರ್ಜೆಂಟ್ ಆಯಿತು. ಅವಳನ್ನು ಎತ್ತಿಕೊಂಡು ಓಡುವಾಗ ಅವಳ ಕಾಲು ಸಿಕ್ಕಿ ನನ್ನ ಹೆಗಲಿನ ಗಂಟು ಸಡಿಲಿ ಸೆರಗು ಪೂರ್ತಿ ಜಾರಿತು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಮಾನ, ಎದುರಿಗೆ ಎಲ್ಲರ ಮೊಬೈಲು. ನನಗೆ ಬೇರೇನೂ ತೋಚದೆ ನೆಟ್ಟಗೆ ಹಗ್ಗದ ಬಳಿಗೆ ಓಡಿದೆ. ಅವ್ವಿ ಹಗ್ಗದಾಚೆ ನಿಂತೇ ಕೈ ಚಾಚಿ ಸೆರಗು ಎಳೆದು, ಕುತ್ತಿಗೆ ಬಳಸಿ, ಹೆಗಲಿನ ಮೇಲೆ ತಂದು ಎರಡು ಸಲ ತಿರುವಿ ಗಂಟು ಬಿಗಿದಳು. ನಾನು ಉಸಿರು ಬಿಡುವುದರೊಳಗೆ ಮುಗಿದಿತ್ತು. "ಇನ್ನು ಜಾರೂದಿಲ್ಲ, ಹೋಗು" ಎಂದು ಮಗುವನ್ನು ತಾನೇ ತೆಗೆದುಕೊಂಡು ಮರೆಗೆ ಹೋದಳು.

ಜಾರಲಿಲ್ಲ. ಮೂರೂವರೆಗೆ ನನ್ನನ್ನು ವೇದಿಕೆಗೆ ಕರೆದರು. ಅತ್ಯಂತ ನೈಜ ವೇಷ ನನ್ನದಂತೆ. ಮೇಡಂ ನನ್ನ ಹೆಗಲನ್ನು ಸಭೆಗೆ ತೋರಿಸಿ, "ಈ ಗಂಟನ್ನು ನೋಡಿ, ಬೆಳಿಗ್ಗೆಗಿಂತ ಈಗ ಎಷ್ಟು ಸರಿಯಾಗಿದೆ! ಇದನ್ನು ಕಟ್ಟೋದು ನಿಮಗೆ ಯಾರು ಕಲಿಸಿದರು?" ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದರು. ಮೈಕು ಆ ಕಾಲದ್ದಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹಗ್ಗದಾಚೆ ಅವ್ವಿ ಮಲಗಿದ ಮಾನ್ಯಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಅಲ್ಲಿ ನಿಂತಿದ್ದಾಳಲ್ಲ, ಅವಳು ನನ್ನ ತಾಯಿ ಎನ್ನಬೇಕಿತ್ತು. ಆದರೆ ಬೆಳಿಗ್ಗೆ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲವಲ್ಲ, ರಾಣಿಯರು ಏನೆಂದುಕೊಂಡಾರು ಎಂದು ಲೆಕ್ಕ ಹಾಕಿದ್ದು ನನ್ನ ಬುದ್ಧಿ. "ಮೊಬೈಲಿನಲ್ಲಿ ನೋಡಿ ಕಲಿತೆ" ಎಂದೆ. ಚಪ್ಪಾಳೆ ಬಿತ್ತು. ಇಂದಿನ ತಾಯಂದಿರು ತಂತ್ರಜ್ಞಾನದಿಂದ ಸಂಸ್ಕೃತಿಯನ್ನು ಉಳಿಸುತ್ತಿದ್ದಾರೆ ಎಂದು ಮೇಡಂ ಎರಡು ಮಾತು ಆಡಿದರು.

ವಾಪಸು ಬಸ್ಸಿನಲ್ಲಿ ಅವ್ವಿ ಕಿಟಕಿಯ ಬಳಿ ಕುಳಿತಳು. ಅವಳಿಗೆ ಮೈಕಿನ ಮಾತು ಸರಿಯಾಗಿ ಕೇಳಿರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ನಾನಿದ್ದೆ. ಕುಮಟೆ ದಾಟಿದ ಮೇಲೆ ಅವಳು, "ಆ ಅಮ್ಮ ನಿಂಗೆ ಎಂತ ಕೇಳ್ತು?" ಎಂದಳು. "ಹೆಸರು, ಊರು" ಎಂದೆ. ಚಿಂತನ ನಡುವೆ ಬಾಯಿ ಹಾಕಿ, "ಅಲ್ಲ ಅಜ್ಜಿ, ಗಂಟು ಕಟ್ಟೂದು ಯಾರು ಕಲ್ಸಿದ್ದು ಅಂತ ಕೇಳಿದ್ರು. ಅಮ್ಮ ಮೊಬೈಲು ಅಂತು. ಸುಳ್ಳು ಅಲ್ವಾ ಅಜ್ಜಿ? ನೀನೇ ಅಲ್ವಾ ಕಟ್ಟಿದ್ದು?" ಎಂದ. ಅವ್ವಿ ಅವನ ತಲೆ ಸವರಿದಳು. ಧಾರೇಶ್ವರ ಬಂತು. "ಆತು, ಬತ್ತೆ" ಎಂದು ಇಳಿದಳು. ತಿರುಗಿ ನೋಡುತ್ತಾಳೆಂದು ಕಾದೆ, ನೋಡಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಗಿ ಹೊನ್ನಾವರದ ತನಕ ಕಂಡಕ್ಟರನ ಮುಖವನ್ನೂ ನೋಡಲಿಲ್ಲ.

ಮನೆಗೆ ಬಂದು ಬಟ್ಟೆ ಬದಲಿಸೋಣವೆಂದರೆ ಗಂಟು ಬಿಚ್ಚಲಿಲ್ಲ. ಉಗುರು ಹಾಕಿದೆ, ಹಲ್ಲು ಹಾಕಲು ನನ್ನದೇ ಹೆಗಲು ಎಟುಕಲಿಲ್ಲ. ಆಗಷ್ಟೇ ಬಂದ ಮಂಜುನಾಥ ಐಸ್ ಹಿಡಿದು ಮರಗಟ್ಟಿದ ಬೆರಳುಗಳಿಂದ ಎಳೆದು ಇನ್ನಷ್ಟು ಬಿಗಿ ಮಾಡಿದ. "ಅತ್ತೆಗೇ ಫೋನ್ ಮಾಡಿ ಕೇಳೇ" ಎಂದ. ಒಂದರ್ಥದಲ್ಲಿ ನನಗೂ ಒಂದು ನೆಪ ಬೇಕಿತ್ತು. ಗಂಟಿನಿಂದ ಶುರು ಮಾಡಿ ಉಳಿದದ್ದನ್ನೂ ಹೇಳಿಬಿಡೋಣ, ತಪ್ಪಾಯಿತು ಎನ್ನೋಣ ಎಂದುಕೊಂಡು ಹಚ್ಚಿದೆ. ಅವ್ವಿ ಎತ್ತಿದಳು. "ಅವ್ವಿ, ನೀ ಕಟ್ಟಿದ ಗಂಟು ಬಿಚ್ಚುಕೇ ಬತ್ತಿಲ್ಲ, ಹೆಂಗೆ ಬಿಚ್ಚೂದು?" ಎಂದೆ.

"ಮೊಬೈಲಲ್ಲಿ ನೋಡು" ಎಂದು ಅವಳು ಇಟ್ಟುಬಿಟ್ಟಳು.

ನೋಡಿದೆ. ಕಟ್ಟುವುದನ್ನು ತೋರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಬಿಚ್ಚುವುದನ್ನು ಯಾರೂ ಹಾಕಿಲ್ಲ.