ರೈಟರ್ ಅಳಿಯನೂ ರಂಗೂನ್ ಸೂಜಿಯೂ

ಹೆಂಡತಿಯ ಸೊಂಟನೋವನ್ನು ತಾನೇ ನಿಂತು ಓಡಿಸಿಬಿಡುತ್ತೇನೆಂದು ಪಣ ತೊಟ್ಟೇ ಚಿದಂಬರ ರಜೆ ಹಾಕಿ ಕೊಡ್ಲಿಪೇಟೆಯ ಮಾವನ ಮನೆಗೆ ಬಂದಿಳಿದ. ಸುಂಟಿಕೊಪ್ಪದ ಹತ್ತಿರ ಬಿಳಿ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ತನ್ನ ಕೆಮ್ಮು ಕೇಳಿದರೆ ಲೈನುಮನೆಗಳ ಕೂಲಿಯಾಳುಗಳೆಲ್ಲ ನಡುಗುತ್ತಾರೆಂದು ಅವನ ನಂಬಿಕೆ. ನೋವು ಮಾತ್ರ ಕೆಮ್ಮಿಗೆ ಜಗ್ಗಲಿಲ್ಲ.

ಹೆಂಡತಿ ಪದ್ಮಾಕ್ಷಿಗೆ ಚೊಚ್ಚಲ ಹೆರಿಗೆಯಾಗಿತ್ತು. ಮಗು ಗುಂಡಗೆ ಚೆನ್ನಾಗಿತ್ತು. ತಾಯಿಗೆ ಎದ್ದು ಕೂತು ಅದನ್ನು ಮಡಿಲಿಗೆ ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ. ಅವಳ ಅಮ್ಮ ಕಾವೇರಮ್ಮನ ಎಣ್ಣೆ, ಬಿಸಿನೀರು, ಶಾಖ ಎಲ್ಲ ಮಾಡಿ ಮುಗಿದಿತ್ತು, ಗುಣ ಕಂಡಿರಲಿಲ್ಲ. ಮಲಗಿಕೊಂಡೇ ಹಾಲು ಕುಡಿಸುತ್ತ ಅವಳು ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮಗು ನೋಡಲು ಬಂದವರು ಕಾವೇರಮ್ಮನ ತಂಗಿ ಹೊನ್ನಮ್ಮ. ಬಹುಕಾಲ ರಂಗೂನಿನಲ್ಲಿದ್ದು ಬಂದವರು. ಗಟ್ಟಿ ದನಿ, ಗಟ್ಟಿ ಕೈ. ಅಲ್ಲಿ ಅವರ ಹೆರಿಗೆಯಾದಾಗ ಪಕ್ಕದ ಮನೆಯ ಚೀನೀ ಹೆಂಗಸು ಸೂಜಿ ಚುಚ್ಚಿ ನೋವು ಇಳಿಸಿದ್ದಳಂತೆ. ಬಿಡದೆ ಬೆನ್ನುಹತ್ತಿ ಆ ವಿದ್ಯೆಯನ್ನು ಇವರೂ ಕಲಿತರಂತೆ. ಬಿದಿರ ಕೊಳವೆಯಿಂದ ಕೂದಲಿನಂಥ ಸೂಜಿಗಳನ್ನು ತೆಗೆದು ಕುದಿಯುವ ನೀರಿಗೆ ಹಾಕಿಯೇಬಿಟ್ಟರು.

ಕಾವೇರಮ್ಮ ಬಾಗಿಲಿಗೆ ಅಡ್ಡ ನಿಂತರು. "ಬಾಣಂತಿ ದಿಂಬಿನಡಿ ಕಬ್ಬಿಣ ಇಡೋದುಂಟು. ಮೈಗೇ ಚುಚ್ಚೋದುಂಟಾ ಹೊನ್ನಿ?"

ಪದ್ಮಾಕ್ಷಿಯೂ ಹೆದರಿದಳು. ಚಿದಂಬರ ಅಂಗಿಯ ತೋಳು ಮಡಚಿದ. ತನ್ನ ರಕ್ತ ಕುಡಿದು ಕುಡಿದು ಎಸ್ಟೇಟಿನ ಜಿಗಣೆಗಳಿಗೇ ಸುಸ್ತಾಗಿದೆ, ಈ ಸೂಜಿ ಯಾವ ಗಿಡದ ತೊಪ್ಪಲು, ಮೊದಲು ತನಗೇ ಚುಚ್ಚಲಿ ಎಂದು ಸಾರಿದ.

ಹೊನ್ನಮ್ಮ ಅವನ ಹೆಬ್ಬೆರಳಿನ ಬುಡದಲ್ಲಿ ಸೂಜಿ ಇಳಿಸಿದರು. ನೋವೇ ಆಗಲಿಲ್ಲ. ಅಷ್ಟಕ್ಕೆ ಸುಮ್ಮನಿರದೆ ಬಗ್ಗಿ ನೋಡಿದ. ತನ್ನದೇ ಕೈಮೇಲೆ ಸೂಜಿ ನೆಟ್ಟಗೆ ನಿಂತು ಮೆಲ್ಲಗೆ ತಲೆಯಾಡಿಸುತ್ತಿತ್ತು. "ನೋಡು ಪದ್ಮಾ, ಏನೂ ಆಗ..." ಎನ್ನುತ್ತಲೇ ರೈಟರ್ ಸಾಹೇಬರು ಬುಡ ಕಡಿದ ಸಿಲ್ವರ್ ಓಕ್ ಮರದಂತೆ ಒರಗಿದರು. ಹೊನ್ನಮ್ಮ ಸೂಜಿ ಕಿತ್ತುಕೊಂಡದ್ದೇ ಪುಣ್ಯ. ಕಾಲು ತಾಗಿ ಭರಣಿ ಉರುಳಿತು. ಬಾಣಂತಿಯ ಲೇಹ್ಯವೆಲ್ಲ ಅಳಿಯನ ಪಂಚೆಗೆ!

ಪದ್ಮಾಕ್ಷಿಗೆ ಮೊದಲು ಗಾಬರಿ. ಗಂಡ ಕಣ್ಣು ಬಿಟ್ಟು "ನಾನು ಬಿದ್ದಿಲ್ಲ" ಎಂದಮೇಲೆ ನಗು. ನಕ್ಕರೆ ಸೊಂಟ ಹಿಂಡುತ್ತಿತ್ತು. ತಡೆದರೆ ಇನ್ನಷ್ಟು ಉಕ್ಕುತ್ತಿತ್ತು.

"ನೆಟ್ಟಗೆ ನಗೋಕೂ ಆಗ್ತಿಲ್ಲ ಚಿಕ್ಕಮ್ಮ. ನಂಗೆ ಚುಚ್ಚಿ" ಎಂದಳು.

ಕಾವೇರಮ್ಮ ಬಾಗಿಲು ಬಿಟ್ಟರು. ಮಂಡಿಯ ಹಿಂದೆ, ಸೊಂಟದ ಇಬ್ಬದಿ ಸೂಜಿಗಳು ಇಳಿದವು. ಪದ್ಮಾಕ್ಷಿ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಪಾದದವರೆಗೂ ಜುಮ್ಮೆಂದಿತು, ಆಮೇಲೆ ಬಿಗಿ ನಿಧಾನವಾಗಿ ಸಡಿಲಿತು. ನೋವು ಪೂರ್ತಿ ಹೋಯಿತೆಂದಲ್ಲ. ಆದರೆ ಸಂಜೆಗೆ ಎದ್ದು ಹಿಂದಿನ ಕೋಣೆಗೆ ಹೋಗಿ ಗೋಡೆಗೊರಗಿ ಕೂತು, ಮೊದಲ ಸಲ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಾಲು ಕೊಟ್ಟಳು. ಕಾವೇರಮ್ಮ ತಂಗಿಯ ಮುಂದೆ ತಮ್ಮ ಮಂಡಿಯನ್ನೂ ಚಾಚಿದರು.

ಆ ಹೊತ್ತಿಗೆ ಬಂದ ಪಕ್ಕದ ಮನೆಯ ಬೆಳ್ಳಮ್ಮ, ಬಾಣಂತಿಯ ಹಾಸಿಗೆಯಲ್ಲಿ ಮುಸುಕು ಹೊದ್ದು ನರಳುತ್ತಿದ್ದವರನ್ನು ಇಣುಕಿ ನೋಡಿ, ಪಾಪ ಹುಡುಗಿಗೆ ಇನ್ನೂ ಗುಣವಾಗಿಲ್ಲವೇ ಎಂದು ಮರುಗಿದರು.

"ಹುಡುಗಿ ಹಿಂದಿನ ಕೋಣೆಯಲ್ಲಿ ಎದ್ದು ಕೂತಿದ್ದಾಳೆ" ಎಂದರು ಕಾವೇರಮ್ಮ. "ಇವರು ನಮ್ಮ ಅಳಿಯಂದಿರು. ಮೆಲ್ಲಗೆ ಮಾತಾಡಿ, ಇನ್ನೂ ಹಸಿ ಮೈ."