ಮೂರೇ ಅಕ್ಷರದ ಚೀಟಿ

ಅದು ಇಂಗ್ಲಿಷ್-ಕನ್ನಡ ನಿಘಂಟು ತಯಾರಾಗುತ್ತಿದ್ದ ಕಚೇರಿ. ಅಲ್ಲಿ ಕೆಲಸ ಹಂಚುವ ಪದ್ಧತಿಯೇ ಬೇರೆ. ಬೆಳಿಗ್ಗೆ ಸಂಪಾದಕರು ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ಎಲ್ಲರ ಮುಂದೆ ಹಿಡಿಯುತ್ತಿದ್ದರು. ಕೈಹಾಕಿ ಒಂದು ಚೀಟಿ ಎತ್ತಬೇಕು. ಬಂದ ಪದದ ಅರ್ಥಗಳನ್ನೆಲ್ಲ ಬರೆದು ಒಪ್ಪಿಸಿದವರು ಯಾವಾಗ ಬೇಕಾದರೂ ಮನೆಗೆ ಹೋಗಬಹುದು. ಚೀಟಿ ಹಿಡಿಸದಿದ್ದರೆ ಪಕ್ಕದವರ ಜೊತೆ ಬದಲಾಯಿಸಿಕೊಳ್ಳಲೂ ಬಹುದು, ಆದರೆ ಬೆಳಗಿನ ಚಹಾ ಬರುವುದರೊಳಗೆ.

ಅಂದ್ರೇನಪ್ಪನವರಿಗೆ ಆ ದಿನ ಬಂದ ಚೀಟಿ ನೋಡಿ ಎದೆ ಧಸಕ್ಕೆಂದಿತು. ಯಾವುದೋ ಕಾಯಿಲೆಯ ಹೆಸರು. ಒಂದು ಸಾಲಿನಲ್ಲಿ ಹಿಡಿಸದೆ ಎರಡನೆಯ ಸಾಲಿಗೆ ಇಳಿದಿತ್ತು. ಅವರ ನಿಜವಾದ ಹೆಸರು ಬೇರೆಯೇ ಇತ್ತೆನ್ನಿ. ಯಾರು ಏನೇ ಹೇಳಿದರೂ "ಅಂದ್ರೇನು?" ಎಂದು ಕೇಳುವ ಚಾಳಿಯಿಂದ ಈ ಹೆಸರು ಬಂದು, ಮೊದಲಿನದು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಮಾಮೂಲಿ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದರು. ಆದರೆ ಅವತ್ತು ಸಂಜೆ ಐದೂವರೆಯ ರೈಲಿಗೆ ಹೊರಡಬೇಕಿತ್ತು. ಮಗಳು ಹೆತ್ತು ಮೂರು ತಿಂಗಳಾಗಿದ್ದರೂ ಮೊಮ್ಮಗಳ ಮುಖ ನೋಡಿರಲಿಲ್ಲ. ಪ್ರತಿ ಸಲವೂ ಯಾವುದಾದರೊಂದು ಪದ ಕಾಲಿಗೆ ತೊಡರಿಕೊಂಡು ಟಿಕೆಟ್ ರದ್ದಾಗುತ್ತಿತ್ತು. ಬೆಳಿಗ್ಗೆ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು: "ಈ ಸಲ ನೀವು ಬರ್ದೇ ಇದ್ರೆ ನಾನೊಬ್ಳೇ ಹೋಗ್ತೀನಿ. ಮಗೂಗೆ ತಾತನ ಫೋಟೋ ತೋರಿಸ್ತೀನಿ. ಗೋಡೆ ಮೇಲೆ ತೂಗುಹಾಕ್ತಾರಲ್ಲ, ಆ ಥರದ್ದು!"

ಅಂದ್ರೇನಪ್ಪನವರು ಎದುರು ಮೇಜಿನ ಮೇಡಂ ಚೀಟಿಯತ್ತ ಕಳ್ಳನೋಟ ಬೀರಿದರು. ಇಂಗ್ಲಿಷಿನ ಮೂರೇ ಅಕ್ಷರ. ಸೆಟ್.

"ಮೇಡಂ, ಬದಲಾಯಿಸ್ಕೊಳ್ಳೋಣ್ವಾ? ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳೋದೆಲ್ಲ ಬೇಡಿ ಸಾರ್. ಆದ್ರೆ ಆಮೇಲೆ ವಾಪಸ್ ಕೊಡಿ ಅನ್ಬಾರದು."

"ದೇವರಾಣೆಗೂ ಇಲ್ಲ!"

ಮೇಡಂ ಚೀಟಿ ತೆಗೆದುಕೊಂಡು, 'ಧೂಳಿನಿಂದ ಬರುವ ಶ್ವಾಸಕೋಶದ ರೋಗ' ಎಂದು ಒಂದೇ ಸಾಲು ಬರೆದು, ಚುಕ್ಕಿ ಇಟ್ಟು, ಒಪ್ಪಿಸಿ, ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟರು. ಚಹಾಕ್ಕೂ ಕಾಯಲಿಲ್ಲ.

ಅಂದ್ರೇನಪ್ಪನವರಿಗೆ ಹೊಟ್ಟೆಯಲ್ಲಿ ತುಸು ಉರಿಯಾಯಿತು. ಆದರೂ, ತನ್ನದೇನು ಮಹಾ ಎಂದುಕೊಂಡು 'ಗುಂಪು, ಜೊತೆ' ಎಂದು ಬರೆದು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಅಟೆಂಡರ್ ಚಹಾ ತಂದ.

"ಸಾರ್, ಬಾತ್‌ರೂಮ್ ಕಡೆ ಹೋಗ್ಬೇಡಿ. ಹೊಸದಾಗಿ ಸಿಮೆಂಟ್ ಹಾಕಿದಾರೆ, ಇನ್ನೂ ಸೆಟ್ ಆಗಿಲ್ಲ."

"ಸೆಟ್ ಆಗೋದು ಅಂದ್ರೇನು?"

"ಗಟ್ಟಿ ಆಗೋದು, ಇನ್ನೇನು?"

ಗುಂಪಿಗೂ ಗಟ್ಟಿಯಾಗುವುದಕ್ಕೂ ಎತ್ತಣಿಂದೆತ್ತ ಸಂಬಂಧ? ಅಂದ್ರೇನಪ್ಪನವರ ತಲೆಯೊಳಗೆ ಹುಳ ಹೊಕ್ಕಿತು. "ಭೇಷ್! ನೀನು ಹೇಳಿದ್ದು ಪುಸ್ತಕದಲ್ಲಿ ಅಚ್ಚಾಗತ್ತೆ ನೋಡು" ಎಂದರು. ಅಟೆಂಡರ್ ಮುಖ ಅರಳಿತು. ಅದು ಪಕ್ಕದ ಮೇಜಿನ ಅಕೌಂಟೆಂಟ್ ಕಿವಿಗೆ ಬಿತ್ತು. ಅವರು ಬಾಯಿಂದ ಹಲ್ಲಿನ ಸೆಟ್ಟನ್ನೇ ಹೊರತೆಗೆದು ಮೇಜಿನ ಮೇಲಿಟ್ಟು, "ಇದ್ನೂ ಶೇರ್ಶಿ" ಎಂದರು.

ಅಲ್ಲಿಗೇ ನಿಲ್ಲಿಸಿದ್ದರೆ ಊಟದ ಹೊತ್ತಿಗೆ ಮನೆ ಸೇರಬಹುದಿತ್ತು. ಆದರೆ ಹುಟ್ಟುಗುಣ ಬಿಡುತ್ತದೆಯೇ? ಒಂದು ಸುತ್ತು ನೋಡಿ ಬರೋಣವೆಂದು ಬೀದಿಗಿಳಿದರು. ಕ್ಷೌರದಂಗಡಿಯವನು ಕನ್ನಡಿಯೊಳಗಿಂದಲೇ ಮಾತಾಡಿಸಿ, "ಬನ್ನಿ ಸಾರ್, ಕೂದ್ಲು ಸೆಟ್ ಮಾಡ್ಬಿಡ್ತೀನಿ" ಎಂದ. ಅಂದ್ರೇನು ಎಂದು ಕೇಳಿ, ಬರೆದುಕೊಂಡು, "ಅಚ್ಚಾಗತ್ತೆ ಕಣಯ್ಯ" ಎಂದು ಮುಂದೆ ಹೋದರು. ಮೂಲೆಯ ಮೈದಾನದಲ್ಲಿ ಚೆಂದದ ಅರಮನೆಯೊಂದು ಎದ್ದಿತ್ತು. ಇದ್ಯಾವಾಗ ಕಟ್ಟಿದರು ಎಂದು ಬೆರಗಾಗಿ, ಬರೆಯಲು ಆಸರೆಗಾಗಿ ಗೋಡೆಗೆ ಒರಗಿದ್ದೇ ತಡ, ಗೋಡೆ, ಕಂಬ, ಬಾಗಿಲು ಎಲ್ಲವೂ ಅವರ ಜೊತೆಗೇ ಅಂಗಾತ ಬಿದ್ದವು.

ಬಡಗಿ ಬಾಯಿ ಬಡಿದುಕೊಳ್ಳುತ್ತ ಓಡಿಬಂದ. "ಅಯ್ಯಯ್ಯೋ! ಸಿನಿಮಾದವ್ರು ನಾಳೆ ಬರ್ತಾರೆ ಸಾರ್, ಕಷ್ಟಪಟ್ಟು ಹಾಕಿದ ಸೆಟ್ಟು!"

ಸುಣ್ಣದ ಪುಡಿಯ ನಡುವಿನಿಂದ ಅಂದ್ರೇನಪ್ಪನವರ ತಲೆ ಮೇಲೆದ್ದಿತು. "ಇದಕ್ಕೂ ಸೆಟ್ ಅಂತಾನೇ ಅಂತಾರಾ?" ಅವರ ಮುಖದಲ್ಲಿ ನೋವಿಗಿಂತ ಸಂತೋಷವೇ ಹೆಚ್ಚಾಗಿತ್ತು. ಬೈಯಲು ಬಂದಿದ್ದ ಬಡಗಿ, ತನ್ನ ಮಾತು ಪುಸ್ತಕ ಸೇರುತ್ತದೆಂದು ಕೇಳಿ ಅವರ ಬೆನ್ನಿನ ಧೂಳು ಕೊಡವಿ ಕಳಿಸಿದ.

ಒಡವೆ ಅಂಗಡಿಯಲ್ಲಿ ಮಾತ್ರ ಎಡವಟ್ಟಾಯಿತು. ಸೇಲ್ಸ್‌ಮನ್ ಪೆಟ್ಟಿಗೆ ತೆರೆದು, ನೆಕ್ಲೇಸು, ಓಲೆ, ಬಳೆ ಎಲ್ಲ ಸೇರಿ ಒಂದು ಸೆಟ್ ಎಂದು ವಿವರಿಸುತ್ತಿದ್ದ. ಇವರು ಕಣ್ಣರಳಿಸಿ ಕೇಳುತ್ತಿದ್ದರು. ಅದನ್ನು ಪಕ್ಕದ ಮನೆಯಾಕೆ ನೋಡಬೇಕೆ? ಆಕೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೆ? ಅಂದ್ರೇನಪ್ಪನವರು ಮೆಟ್ಟಿಲಿಳಿಯುವ ಮೊದಲೇ ಫೋನ್ ಬಂತು.

"ಯಾರಿಗೆ ರೀ ಚಿನ್ನದ ಸೆಟ್ಟು?"

"ಯಾರಿಗೂ ಅಲ್ಲ ಮಾರಾಯ್ತಿ, ನಿಘಂಟಿಗೆ!"

"ನಿಘಂಟಿಗೆ ಚಿನ್ನ, ಹೆಂಡ್ತಿಗೆ ಬರೀ ಅರ್ಥ! ನನ್ನ ಹಣೆಬರಹ!"

"ಅದಿರಲಿ, ಆ ಪದಕ್ಕೆ ನಿಂಗೇನಾದ್ರೂ ಹೊಳೆಯುತ್ತಾ?"

"ನಂಗೆ ಹೊಳೀತಿರೋದು ಐದೂವರೆ ರೈಲು ಒಂದೇ. ನಾಲ್ಕಕ್ಕೆಲ್ಲ ಬ್ಯಾಗ್ ತಗೊಂಡು ಕಚೇರಿಗೇ ಬರ್ತೀನಿ, ರೆಡಿ ಇರಿ."

ಅಂದ್ರೇನಪ್ಪನವರು ಎದ್ದೆನೋ ಬಿದ್ದೆನೋ ಎಂದು ಓಡಿ ಮೇಜಿಗೆ ಬಂದು ಬಿದ್ದರು. ಜೇಬಿನಿಂದ ಕಾಗದದ ಚೂರುಗಳನ್ನು ಸುರಿದರೆ ಸಣ್ಣ ಗುಡ್ಡೆಯೇ ಆಯಿತು. ಒಂದೊಂದು ಅರ್ಥಕ್ಕೂ ಉದಾಹರಣೆ ಕೊಟ್ಟು ಅಂದವಾಗಿ ಬರೆಯಬೇಕೆಂಬುದು ಸಂಪಾದಕರ ಕಟ್ಟಪ್ಪಣೆ. ಹಾಗೆ ಬರೆಯುತ್ತ ಕೂತರೆ ಮೊಮ್ಮಗಳು ಶಾಲೆಗೆ ಸೇರುವ ಹೊತ್ತಾಗುತ್ತದೆ. ಗುಡ್ಡೆಯನ್ನು ನೋಡಿದರು, ಗಡಿಯಾರ ನೋಡಿದರು. ಇಷ್ಟು ವರ್ಷದಲ್ಲಿ ಒಂದು ಅರ್ಥವನ್ನೂ ಬಿಟ್ಟವರಲ್ಲ. ಆದರೂ ಮನಸ್ಸು ಕಲ್ಲು ಮಾಡಿಕೊಂಡು ಗುಡ್ಡೆಯನ್ನು ಡ್ರಾಯರಿಗೆ ತಳ್ಳಿ, ಮೂರೇ ಅರ್ಥ ಬರೆದು ಸಂಪಾದಕರ ಮುಂದಿಟ್ಟರು.

"ಮೂರೇನಾ?" ಸಂಪಾದಕರು ಕನ್ನಡಕ ಸರಿಪಡಿಸಿಕೊಂಡರು. "ಹ್ಞೂಂ, ಪುಟ್ಟ ಪದ. ಇಷ್ಟೇ ಇರ್ಬಹುದು." ಸಹಿ ಹಾಕಲು ಪೆನ್ನೆತ್ತಿದರು.

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅಕೌಂಟೆಂಟ್ ಇಣುಕಿದರು. "ಸಾರ್, ನನ್ನ ಹಲ್ಲು ಸೇರಿಸಿದಾರಾ?"

ಅವರ ಬೆನ್ನ ಹಿಂದೆ ಅಟೆಂಡರ್. ಅವನ ಹಿಂದೆ ಕತ್ತರಿ ಹಿಡಿದ ಕ್ಷೌರದವನು, ಜೊತೆಗೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ. "ಇವ್ರಿಗೂ ಒಂದು ಗೊತ್ತಂತೆ ಸಾರ್, ಬರ್ಕೊಳ್ಳಿ!" ಬಡಗಿ ತನ್ನ ಕಡೆಯ ಕೆಲಸಗಾರರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದ. ಸೇಲ್ಸ್‌ಮನ್ ಕೂಡ ನೆಂಟರಿಷ್ಟರೊಡನೆ ಹಾಜರ್. ಸಾಲು ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿತ್ತು.

ಸಂಪಾದಕರು ಮೂರು ಅರ್ಥದ ಹಾಳೆಯನ್ನು ನೋಡಿದರು, ಸಾಲನ್ನು ನೋಡಿದರು. ಇನ್ನು ಗ್ರಹಚಾರ ಬಿಡಿಸುತ್ತಾರೆಂದು ಅಂದ್ರೇನಪ್ಪನವರು ಕಣ್ಣುಮುಚ್ಚಿಕೊಂಡರು. ಆದರೆ ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ಆಯ್ತು ರೀ, ನಮ್ಮ ನಿಘಂಟು ಕೇಳ್ಕೊಂಡು ಒಂದು ನರಪಿಳ್ಳೆ ಬಂದಿರ್ಲಿಲ್ಲ. ಇವತ್ತು ಕ್ಯೂ! ಒಬ್ರನ್ನೂ ಬರಿಗೈಲಿ ಕಳಿಸ್ಬೇಡಿ. ಕೂತ್ಕೊಳ್ಳಿ, ಬರ್ಕೊಳ್ಳಿ. ಮುಗಿಯೋವರ್ಗೂ ನೀವು ಏಳೋ ಹಾಗಿಲ್ಲ." ಸಹಿಯಾಗದ ಹಾಳೆ ಕಸದ ಬುಟ್ಟಿ ಸೇರಿತು.

ಅಂದ್ರೇನಪ್ಪನವರು ದಿಕ್ಕು ತೋಚದೆ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ಕಟ್ಟಕಡೆಯಲ್ಲಿ ಎರಡು ಬ್ಯಾಗು ಹಿಡಿದು ಹೆಂಡತಿ ನಿಂತಿದ್ದಳು! ಹೋದ ಜೀವ ಬಂದಂತಾಯಿತು. ಇವಳ ಬಾಯಿಗೆ ಸಂಪಾದಕರಲ್ಲ, ಸಾಕ್ಷಾತ್ ಯಮನೂ ಹೆದರಬೇಕು.

"ಬಂದ್ಯಾ? ಬಾರೇ ಬೇಗ! ರೈಲಿಗೆ ಹೊತ್ತಾಯ್ತು ಅಂತ ಇವರಿಗೆ ಸ್ವಲ್ಪ ಹೇಳು!"

"ಅಕ್ಕಾ, ಲೈನಲ್ಲಿ ಬರ್ಬೇಕು" ಎಂದ ಬಡಗಿ.

"ಲೈನಲ್ಲೇ ಇದೀನಿ ಕಣಪ್ಪ" ಎಂದಳು ಅವಳು. ಬ್ಯಾಗುಗಳನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಗಂಡನ ಕಡೆ ನೋಡಿ ಗಟ್ಟಿಯಾಗಿ ಹೇಳಿದಳು: "ರೈಲು ನಾಳೆನೂ ಇರತ್ತೆ, ಬಿಡಿ. ನಂದೊಂದಿದೆ, ಬರ್ಕೊಳ್ಳಿ. ಫೋನ್ ಮಾಡಿದ್ದೆ, ಮಗಳದ್ದು ಎರಡು. ಅಳಿಯಂದ್ರು ಇನ್ನೂ ಯೋಚ್ನೆ ಮಾಡ್ತಿದಾರಂತೆ."