ಗೇರ್ ಸೈಕಲ್ಲೂ ದೊಡ್ಡತಾಯಮ್ಮನ ದಾರಿಯೂ

ಹೊಗಳಿಕೆಗೆ ಸೋಲದವರು ಯಾರಾದರೂ ಇದ್ದರೆ ಅವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗಿದೆ. ನಾನಂತೂ ಆ ಪೈಕಿಯವಳಲ್ಲ. ಇಪ್ಪತ್ತೈದು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ ಎದ್ದು ನಿಂತು, "ಮಿಸ್, ಅಕ್ಷಾಂಶ ರೇಖಾಂಶ ಎಷ್ಟು ಚೆನ್ನಾಗಿ ಹೇಳಿದ್ರಿ" ಅಂದದ್ದಿಲ್ಲ. ಮನೆಯಲ್ಲಿ ಸಾರು ಚೆನ್ನಾಗಿದ್ದರೆ ನಮ್ಮ ಯಜಮಾನರು ಮಾತಿಲ್ಲದೆ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ, ಅದೇ ನನಗೆ ಸಿಗುವ ಪ್ರಶಸ್ತಿ. ಹೀಗೆ ಹೊಗಳಿಕೆಗೆ ಬರಗೆಟ್ಟ ಜೀವಕ್ಕೆ ಐವತ್ತೆರಡನೆಯ ವಯಸ್ಸಿನಲ್ಲಿ ಯಾರೋ "ವಾವ್ ಮೇಡಂ, ಸೂಪರ್" ಅಂದುಬಿಟ್ಟರೆ ಏನಾಗಬೇಡ? ಆದದ್ದನ್ನು ಹೇಳಲೆಂದೇ ಕೂತಿದ್ದೇನೆ.

ಮೊದಲಿಗೆ ಸೈಕಲ್ಲಿನ ವಿಷಯ. ಅದು ನನ್ನದಲ್ಲ. ಯಜಮಾನರಿಗೆ ಶುಗರ್ ಬಂತೆಂದು ಡಾಕ್ಟರು ದಿನಾ ನಡೆಯಿರಿ ಅಂದರು. ನಡೆಯುವುದಕ್ಕೆ ಖರ್ಚಿಲ್ಲ, ಖರ್ಚಿಲ್ಲದ ಔಷಧಿಯ ಮೇಲೆ ನಮ್ಮವರಿಗೆ ನಂಬಿಕೆಯಿಲ್ಲ. ಮೈಸೂರಿಗೆ ಹೋಗಿ, ದಪ್ಪ ಟೈರಿನ, ಕೈಬೆರಳು ಕಾಲ್ಬೆರಳು ಸೇರಿಸಿ ಎಣಿಸಿದರೂ ಮುಗಿಯದಷ್ಟು ಗೇರಿರುವ, ಬೆಟ್ಟ ಹತ್ತುವ ಸೈಕಲ್ಲನ್ನೇ ತಂದರು. "ನಂಜನಗೂಡಲ್ಲಿ ಬೆಟ್ಟ ಎಲ್ಲಿದೆ?" ಎಂದು ಕೇಳಿದೆ. "ಇಲ್ದಿದ್ರೇನು, ಇರ್ಲಿ ಬಿಡೇ" ಅಂದರು. ನಾಲ್ಕು ದಿನ ಕಪಿಲೆಯ ಸೇತುವೆಯವರೆಗೆ ಹೋಗಿ ಬಂದು, ಐದನೆಯ ದಿನ ಸೀಟು ಒತ್ತುತ್ತದೆಂದು ಗೋಡೆಗೆ ಒರಗಿಸಿದರು. ನಾನು ಚಿಕ್ಕವಳಿದ್ದಾಗ ತಾಂಡವಪುರದಲ್ಲಿ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವಳು. ದುಡ್ಡು ಕೊಟ್ಟು ತಂದದ್ದು ತುಕ್ಕು ಹಿಡಿಯುವುದನ್ನು ನೋಡಲಾಗದೆ ಒಂದು ಭಾನುವಾರ ಚೂಡಿದಾರದ ದುಪಟ್ಟವನ್ನು ಸೊಂಟಕ್ಕೆ ಬಿಗಿದು ಹತ್ತಿಯೇಬಿಟ್ಟೆ.

ಆಮೇಲೆ ಸುತ್ತಿದ್ದೇ ಸುತ್ತಿದ್ದು. ಕಳಲೆಯ ದಾರಿ ಚೆಂದ, ಆದರೆ ಅಲ್ಲಿನ ನಾಯಿಗಳಿಗೆ ಹೆಲ್ಮೆಟ್ ಹಾಕಿಕೊಂಡ ಹೆಂಗಸರನ್ನು ಕಂಡು ಅಭ್ಯಾಸವಿಲ್ಲ. ನಾಲೆ ಏರಿಯ ಮೇಲೆ ಹೋದರೆ ಗಾಳಿ ಸುಖವಾಗಿರುತ್ತದೆ. ಎಡಕ್ಕೆ ನೀರು, ಬಲಕ್ಕೆ ಗದ್ದೆ, ಎಲ್ಲಿಗೆ ಬೀಳುವುದೆಂದು ಮೊದಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು, ಅಷ್ಟೆ. ನಾನು ಗದ್ದೆಯನ್ನು ಆರಿಸಿಕೊಂಡೆ. ಎಬ್ಬಿಸಲು ಓಡಿಬಂದವರು ನನ್ನ ಮೊಣಕಾಲಿಗಿಂತ ಮೊದಲು ಪೈರನ್ನು ನೋಡಿದರು. ತಿ. ನರಸೀಪುರ ದಾಟಿ ತಲಕಾಡಿಗೂ ಹೋದೆ. ಮರಳಿನಲ್ಲಿ ಸೈಕಲ್ಲು ಒಂದು ಗೇಣೂ ಮುಂದೆ ಹೋಗದೆ, ಕೊನೆಗೆ ಅದನ್ನೇ ಹೆಗಲ ಮೇಲೆ ಹೊತ್ತುಕೊಂಡು ಬಂದೆ. ಎದುರಿಗೆ ಸಿಕ್ಕ ಯಾತ್ರಿಕರೊಬ್ಬರು ಇದು ಯಾವುದೋ ಹರಕೆ ಇರಬೇಕೆಂದು ಕೈ ಮುಗಿದರು.

ಆದರೆ ನಿಜವಾಗಿ ತುಳಿಯಲು ತಕ್ಕ ದಾರಿ ಸಿಕ್ಕಿದ್ದು ನಮ್ಮ ಶಾಲೆಯ ಹಿಂದೆಯೇ. ಶಾಲೆಯಿರುವುದು ಹೆಡಿಯಾಲದ ಕಡೆಯ ಒಂದು ಕಾಡಂಚಿನ ಹಳ್ಳಿಯಲ್ಲಿ. ಹೆಸರು ಹೇಳುವುದಿಲ್ಲ, ಯಾಕೆಂದು ನಿಮಗೇ ತಿಳಿಯುತ್ತದೆ. ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಹೋಗಿ, ಬಿಸಿಯೂಟದ ಅಕ್ಕಿ ಮೂಟೆಗಳ ಪಕ್ಕ ಇಟ್ಟೆ. ಕಾಡಿನೊಳಗೆ ಸೈಕಲ್ಲಿಗೆ ಅಪ್ಪಣೆಯಿಲ್ಲ. ಫಾರೆಸ್ಟ್ ಗೇಟಿನ ಗಾರ್ಡ್‌ನನ್ನು ಕೇಳಿಯೂ ನೋಡಿದೆ. "ಬ್ಯಾಡಿ ಮೇಡಂ, ವಳಗಡೆ ಹುಲಿ ಅದೆ. ಅದ್ಕೆ ಗೇರ್ ಇಲ್ದೇನೇ ಓಡಕ್ಕೆ ಬತ್ತದೆ" ಅಂದ. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಅಡುಗೆಯ ದೊಡ್ಡತಾಯಮ್ಮ, "ನಾನು ಬರೋ ದಾರೀಲಿ ಒಂದ್ಸಲ ಬನ್ನಿ ಮೇಡಮ್ಮೋರೆ. ಕಾಡು ಪಕ್ಕದಲ್ಲೇ ಬತ್ತದೆ, ಹುಲಿ ಬರಲ್ಲ" ಅಂದರು.

ದೊಡ್ಡತಾಯಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವರು, ಊರಾಚೆಯ ಕಾಲೋನಿಯವರು. ಅವರ ದಾರಿ ಕಾಲೋನಿಯಿಂದ ಹೊರಟು, ಹಳ್ಳಕ್ಕೆ ಇಳಿದು, ಹೊಂಗೆ ಮರಗಳ ಅಡಿಯಲ್ಲಿ ಹಾದು, ಪುಟ್ಟೇಗೌಡರ ಹೊಲದ ಬದುವಿನ ಮೇಲೆ ಬರುತ್ತದೆ. ಒಂದು ತಿರುವಿನಲ್ಲಿ ಆನೆ ಕಂದಕದ ಆಚೆ ಕಾಡು ಇಡಿಯಾಗಿ ಕಾಣುತ್ತದೆ. ಅಲ್ಲಿ ಜಿಂಕೆಗಳು ತಲೆಯೆತ್ತಿ ನನ್ನನ್ನು ನೋಡಿದಾಗ ನಾನು ಸುಮ್ಮನೆ ನಿಂತು ಅತ್ತುಬಿಟ್ಟಿದ್ದೆ, ಏಕೆಂದು ಈಗಲೂ ಗೊತ್ತಿಲ್ಲ. ಸರ್ಕಾರದ ನಕಾಶೆಯಲ್ಲಿ ಈ ದಾರಿ ಇಲ್ಲ. ಪುಟ್ಟೇಗೌಡರ ತಂದೆ ಯಾವಾಗಲೋ "ನಡ್ಕೊಂಡು ಓಡಾಡ್ಲಿ" ಅಂದಿದ್ದರಂತೆ, ಅಷ್ಟೇ ದಾಖಲೆ. ಅದಕ್ಕೆ ಪ್ರತಿಯಾಗಿ ಕಾಲೋನಿಯವರು ವರ್ಷಕ್ಕೊಂದು ದಿನ ಸೇರಿ ಬದುವಿನ ಮುಳ್ಳು ಕಡಿದು ಕೊಡುತ್ತಾರೆ, ಹೊಲದ ಒಂದು ಕಡಲೆಕಾಯನ್ನೂ ಮುಟ್ಟುವುದಿಲ್ಲ. ಮಕ್ಕಳು ಶಾಲೆಗೆ ಬರುವುದೂ ಅದರಲ್ಲೇ. ಬಿಟ್ಟರೆ ಟಾರು ರಸ್ತೆಯಲ್ಲಿ ಕೆರೆ ಸುತ್ತಿ ಬರಬೇಕು.

ಆ ಹೊತ್ತಿಗೆ ಮೈಸೂರಿನ ಸೈಕಲ್ ಸವಾರರ ಒಂದು ವಾಟ್ಸಾಪ್ ಗುಂಪು ನನ್ನನ್ನು ಸೇರಿಸಿಕೊಂಡಿತ್ತು. "ಮೇಡಂ, ನಿಮ್ಮ ಕಡೆ ಕಾಡಿನ ಹತ್ತಿರ ಒಳ್ಳೆ ಟ್ರೇಲ್, ಕಾಲುದಾರಿ ಇದ್ರೆ ಹಾಕಿ" ಎಂದು ಒಬ್ಬರು ಕೇಳಿದರು. ಜನ್ಮದಲ್ಲಿ ಮೊದಲ ಸಲ ನನ್ನ ನಕ್ಷೆಗೆ ಬೇಡಿಕೆ ಬಂದಿತ್ತು. ನಾನು ಬಿಟ್ಟೇನೆಯೇ? ಫೋನಿನ ಮ್ಯಾಪಿನಲ್ಲಿ ಗೆರೆ ಎಳೆದು, ಹಳ್ಳ ಎಲ್ಲಿ, ಏರು ಎಲ್ಲಿ, ಜಿಂಕೆ ಕಾಣುವ ತಿರುವು ಯಾವುದು, ಎಲ್ಲ ಗುರುತು ಹಾಕಿ ಕಳಿಸಿದೆ. ಹೆಬ್ಬೆರಳುಗಳ, "ವಾವ್ ಮೇಡಂ, ಸೂಪರ್"ಗಳ ಮಳೆ ಸುರಿಯಿತು. ಅವತ್ತು ಸಾರಿಗೆ ಉಪ್ಪು ಹಾಕಲು ಮರೆತೆ, ಯಜಮಾನರು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ, ಅದೂ ನನಗೆ ಗೊತ್ತಾಗಲಿಲ್ಲ.

ಮುಂದಿನ ಸೋಮವಾರ ದೊಡ್ಡತಾಯಮ್ಮ ಬಹಳ ತಡವಾಗಿ ಬಂದರು. ಕಾಲೋನಿಯ ಮಕ್ಕಳೂ ಒಬ್ಬೊಬ್ಬರಾಗಿ ಬೆವರುತ್ತಾ ಬಂದರು. ಆಗ ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದು ಇನ್‌ಚಾರ್ಜು ನನ್ನದು. ಅಧಿಕಾರ ಸಿಕ್ಕವರು ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಗದರಿದೆ. "ಮಕ್ಕಳು ಹಸಿದುಕೊಂಡು ಕೂತಿರಬೇಕಾ ದೊಡ್ಡತಾಯಮ್ಮ?" ಅಂದೆ. ಅವರು ಮೊಣಕಾಲು ನೀವಿಕೊಳ್ಳುತ್ತಾ, "ಏನ್ ಮಾಡದು ಮೇಡಮ್ಮೋರೆ, ಗೌಡ್ರು ದಾರಿಗೆ ಮುಳ್ಳು ಹಾಕ್ಬುಟ್ಟವ್ರೆ. ಕೆರೆ ಸುತ್ಕೊಂಡು ಬಂದೆ. ಯಾರೋ ಫೋನಾಗೆ ಆ ದಾರಿ ಹಾಕ್ಬುಟ್ಟವ್ರಂತೆ. ನಿನ್ನೆ ಒಂದು ಹಿಂಡು ಸೈಕಲ್ನೋರು ಬಂದು ಹುರುಳಿಯೆಲ್ಲಾ ತುಳ್ದಾಕಿದ್ರು. ಅವ್ರ ಕೈಯಿ ಸೇದೋಗ" ಅಂದರು. ಸೇದಿಹೋಗಬೇಕಾದ ಕೈಯಲ್ಲಿ ನಾನು ಹಾಜರಿ ಪುಸ್ತಕ ಹಿಡಿದುಕೊಂಡಿದ್ದೆ.

ಮೂರು ದಿನ ಹೀಗೇ ನಡೆಯಿತು. ಮಕ್ಕಳ ಊಟ ತಡ, ದೊಡ್ಡತಾಯಮ್ಮನ ಮಂಡಿ ಊತ. "ಹಿಂಗೇ ಆದ್ರೆ ಬುಟ್ಬುಡ್ತೀನಿ, ಈ ಕಾಲಲ್ಲಿ ಆಗಾಕಿಲ್ಲ" ಎಂದು ಅವರು ಒಲೆಯ ಮುಂದೆ ತಮಗೆ ತಾವೇ ಹೇಳಿಕೊಂಡದ್ದು ಕೇಳಿಸಿತು. ಆ ಸಂಜೆ ಗುಂಪಿನಲ್ಲಿದ್ದ ನಕ್ಷೆಯನ್ನು ಅಳಿಸಿ, ಎಲ್ಲರೂ ತಮ್ಮ ಫೋನುಗಳಿಂದ ತೆಗೆಯಿರೆಂದು ಬೇಡಿಕೊಂಡು, ಪುಟ್ಟೇಗೌಡರ ಹೊಲಕ್ಕೆ ಹೋದೆ.

ಅವರು ಮುರಿದ ಬದುವಿಗೆ ಮಣ್ಣು ಏರಿಸುತ್ತಿದ್ದರು. ಹಸುವನ್ನು ಕಂಡಷ್ಟೇ ಸಮಾಧಾನದಿಂದ ನನ್ನನ್ನೂ ನೋಡಿದರು. ಏನೇನೋ ಪೀಠಿಕೆ ಹಾಕಬೇಕೆಂದುಕೊಂಡು ಹೋದವಳು, ಒಂದೇ ಉಸಿರಿಗೆ, "ಗೌಡ್ರೇ, ಮ್ಯಾಪ್ ಹಾಕಿದ್ದು ನಾನೇ. ನನಗೆ ತಿಳೀಲಿಲ್ಲ. ದೊಡ್ಡತಾಯಮ್ಮ ದಾರಿ ತೋರಿಸಿದರು, ಚೆನ್ನಾಗಿದೆ ಅಂತ ಹಾಕಿಬಿಟ್ಟೆ" ಅಂದೆ.

ಗೌಡರು ಗುದ್ದಲಿ ನಿಲ್ಲಿಸಿದರು. "ಒಬ್ಬ ನನ್ ಹಸ ಅಡ್ಡ ನಿಂತದೆ ಅಂತ ಬೆಲ್ ಹೊಡೀತಾನೆ ಮೇಡಂ. ನನ್ ಹೊಲ ಕಣಪ್ಪ ಅಂದ್ರೆ, ಇಲ್ಲ ಅಂಕಲ್, ಮ್ಯಾಪಲ್ಲಿ ದಾರಿ ಅದೆ ಅಂತಾನೆ. ಇವತ್ತು ಫೋನಾಗೆ ಬಂದದ್ದು ನಾಳೆ ತಾಲ್ಲೂಕಾಫೀಸ್ಗೆ ಬರಲ್ಲ ಅಂತ ಯಾವ ಗ್ಯಾರಂಟಿ? ಬರ್ದಿಲ್ಲ ಅಂತ್ಲೇ ನಮ್ಮಪ್ಪ ದಾರಿ ಬುಟ್ಟಿದ್ದು. ಬರ್ದು ಕೊಡು ಅಂದಿದ್ರೆ ಅವತ್ತೇ ಮುಳ್ಳು ಹಾಕಿರೋರು." ಬದುವಿಗೆ ಇನ್ನೊಂದು ಗುದ್ದಲಿ ಮಣ್ಣು ಏರಿಸಿ ಅವರೇ, "ನಡ್ಯೋರಿಗೆ ಬುಡ್ತೀನಿ. ಗಾಲಿ ಬರಕೂಡ್ದು. ಈ ಸಲ ಮುಳ್ಳು ಕಡ್ಯಕ್ಕೆ ನೀವೂ ಬರ್ಬೇಕು" ಅಂದರು. ಬರುತ್ತೇನೆಂದೆ. ಹೊರಡುವಾಗ ಹಿಂದಿನಿಂದ, "ಆ ಯಮ್ಮನ ಹೆಸ್ರು ನೀವು ಎತ್ಬಾರ್ದಿತ್ತು ಮೇಡಂ. ನಾನು ಕೇಳಿಸ್ಕೊಂಡಿಲ್ಲ, ಓಗಿ" ಎಂಬ ಮಾತು ಬಂತು. ಅಲ್ಲಿಯವರೆಗೆ ನಾನು ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಂಡೆನೆಂದೇ ತಿಳಿದಿದ್ದೆ.

ಗೌಡರು ದಾರಿಯ ಬಾಯಿಗೆ ಎರಡು ಕವಲುಗೂಟ ನೆಟ್ಟು, ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಜಾಗ ಬಿಟ್ಟರು. ಅದರಲ್ಲಿ ಸೈಕಲ್ಲು ತೂರುವುದಿಲ್ಲ, ನಾನೂ ಉಸಿರು ಬಿಗಿಹಿಡಿದೇ ತೂರಬೇಕು. ಮುಳ್ಳು ಕಡಿಯುವ ದಿನ ಬೆಳಿಗ್ಗೆ ಕಾಲೋನಿಯವರೆಲ್ಲ ಬಂದಿದ್ದರು. ನಾನೂ ಹೋದೆ. ದೊಡ್ಡತಾಯಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸದ ಹಾಗೆ, "ಮೇಡಮ್ಮೋರೆ, ಮ್ಯಾಪು ಹಾಕಿದ್ದು ನೀವೇ ಅಂತ ನಂಗೆ ಸೋಮವಾರ್ವೇ ಗೊತ್ತಾಯ್ತು, ನಿಮ್ಮ ಮಕ ನೋಡ್ದಾಗ. ಓಗ್ಲಿ ಬುಡಿ. ನಿಮ್ಗೆ ದಾರಿ ತೋರ್ಸಿದ್ದು ನಾನು ಅಂತ ಮಾತ್ರ ಗೌಡ್ರ ಕುಟೆ ಅನ್ಬ್ಯಾಡಿ. ನಮ್ಮತ್ತೆ ಕಾಲ್ದಿಂದ ಓಡಾಡ್ತಾ ಇವ್ನಿ, ಒಂದು ಮಾತು ಬಂದಿಲ್ಲ ನಮ್ಮ ಮ್ಯಾಲೆ" ಅಂದರು.

ಬದುವಿನ ಆ ತುದಿಯಲ್ಲಿ ಗೌಡರು ನಮಗೆ ಬೆನ್ನು ಹಾಕಿ ಗೂಟ ಅಲುಗಾಡಿಸಿ ನೋಡುತ್ತಿದ್ದರು. "ಛೆ, ನಾನ್ಯಾಕೆ ಹೇಳಲಿ?" ಅಂದೆ.

"ನಂಗೊತ್ತಿಲ್ವಾ, ನೀವು ಅಂತೋರಲ್ಲ ಬುಡಿ" ಎಂದು ದೊಡ್ಡತಾಯಮ್ಮ ನನಗೇ ಸಮಾಧಾನ ಹೇಳಿ, ತಮ್ಮ ಕುಡುಗೋಲನ್ನು ನನ್ನ ಕೈಗೆ ಕೊಟ್ಟರು. ಇಷ್ಟು ವರ್ಷಕ್ಕೆ ಒಬ್ಬರು ನನ್ನನ್ನು ಮನಸಾರೆ ಹೊಗಳಿದ್ದರು. ನಾನು ತಲೆಯೆತ್ತದೆ ಮುಳ್ಳು ಕಡಿಯತೊಡಗಿದೆ.